ಕೊಬ್ಬರಿ ಅಟ್ಟದ ಮದುವೆ ಕ್ಯಾಸೆಟ್ಟು

ನನ್ನ ಮೇಜಿನ ಮೇಲೆ ಒಂದು ವಿಡಿಯೊ ಕ್ಯಾಸೆಟ್ಟಿನ ಡಬ್ಬಿ ಇದೆ. ಕಪ್ಪು ಬಣ್ಣ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ನಮ್ಮ ದೊಡ್ಡಪ್ಪನ ಗುಂಡು ಅಕ್ಷರದಲ್ಲಿ 'ಮಂಗಳನ ಮದುವೆ. ಯಾರೂ ಮುಟ್ಟಬಾರದು' ಎಂದು ಬರೆದಿದೆ. ಮುಚ್ಚಳದ ಸಂದಿಯಲ್ಲಿ ತೆಂಗಿನ ನಾರಿನ ಒಂದು ಎಳೆ ಸಿಕ್ಕಿಕೊಂಡಿದೆ. ಅದನ್ನು ಎಳೆದು ಬಿಸಾಡಬೇಕೆಂದು ಮೂರು ವಾರದಿಂದ ಅಂದುಕೊಳ್ಳುತ್ತಿದ್ದೇನೆ, ಬಿಸಾಡಿಲ್ಲ. ಆ ಡಬ್ಬಿಯಲ್ಲಿ ಕೆಡದೆ ಉಳಿದಿರುವ ವಸ್ತು ಸದ್ಯಕ್ಕೆ ಅದೊಂದೇ.

ನಾನು ಬೇಲೂರಿನ ಒಂದು ಶಾಲೆಯಲ್ಲಿ ಗ್ರಂಥಪಾಲಕ. ಗ್ರಂಥಪಾಲಕ ಎಂದರೆ ಪುಸ್ತಕ ಓದುವವನು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡಗುಣ. ನಾನು ಪುಸ್ತಕಗಳನ್ನು ಎಣಿಸುವವನು, ಬೆನ್ನಿಗೆ ನಂಬರು ಹಚ್ಚುವವನು, ಜಿರಲೆಯ ಹಿಂದೆ ಓಡುವವನು. ಈ ಕೆಲಸದಿಂದ ನನಗೊಂದು ಹೆಸರು ಬಂದಿದೆ. ನಮ್ಮ ನೆಂಟರಿಷ್ಟರಲ್ಲಿ ಯಾವ ವಿಷಯಕ್ಕೆ ತಕರಾರು ಬಂದರೂ, 'ನಾಗನ್ನ ಕೇಳಿ, ಅವನು ಕಂಡಿದ್ದನ್ನ ಕಂಡಂಗೆ ಹೇಳ್ತಾನೆ' ಎನ್ನುತ್ತಾರೆ. ಎನ್ನುತ್ತಿದ್ದರು. ಈಗ ಎನ್ನುವುದಿಲ್ಲ. ಯಾಕೆ ಎನ್ನುವುದಿಲ್ಲ ಎಂಬುದೇ ಈ ಬರಹ. ಅವಸರ ಮಾಡಬೇಡಿ, ಒಂದೊಂದಾಗಿ ಹೇಳುತ್ತೇನೆ. ಕಂಡದ್ದನ್ನು ಕಂಡೆ ಎನ್ನುತ್ತೇನೆ. ಕಂಡೆನೋ ಇಲ್ಲವೋ ಎಂದು ಅನುಮಾನ ಇದ್ದರೆ ಅನುಮಾನ ಎಂದೇ ಹೇಳುತ್ತೇನೆ. ಆ ಬುದ್ಧಿ ನನಗೆ ತಡವಾಗಿ ಬಂದಿದೆ.

ಕಳೆದ ವರ್ಷ ಹಾಸನದಲ್ಲಿ ನಮ್ಮಂಥವರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಹಳೆಯ ಕಾಗದಪತ್ರ, ಫೋಟೊ, ಟೇಪು ಮುಂತಾದವನ್ನು ನೂರು ವರ್ಷ ಕೆಡದಂತೆ ಇಡುವುದು ಹೇಗೆ ಎಂಬ ವಿಷಯ. ಪಾಠ ಹೇಳಲು ಬಂದ ಮೇಡಂ ಬೆಳ್ಳಗಿನ ಹತ್ತಿಯ ಕೈಗವಸು ಹಾಕಿಕೊಂಡು ಒಂದೊಂದೇ ವಸ್ತುವನ್ನು ಎತ್ತಿ ತೋರಿಸಿದರು. ಕಾಗದಕ್ಕೆ ತೇವ ಆಗದು, ತೀರ ಒಣಗಿದ ಗಾಳಿಯೂ ಆಗದು. ತಾಳೆಗರಿಗೆ ಆಗಾಗ ಎಣ್ಣೆ ಹಚ್ಚಬೇಕು, ಆ ಎಣ್ಣೆ ಪಕ್ಕದವರಿಗೆ ತಾಕಬಾರದು. ಫಿಲಂ ಸುರುಳಿ ಮಲಗಬೇಕು. ಟೇಪು ಮಲಗಬಾರದು, ನಿಂತೇ ಇರಬೇಕು. ಫೋಟೊಗಳನ್ನು ಮುಖಕ್ಕೆ ಮುಖ ತಾಗಿಸಿ ಇಡಬಾರದು. ಸಿ.ಡಿ.ಯನ್ನು ಬೆರಳಿನಿಂದ ಮುಟ್ಟಬಾರದು. ಇಷ್ಟೆಲ್ಲ ನಡೆದುಕೊಂಡ ಮೇಲೂ ಅದು ಯಾವತ್ತು ಮುನಿಸಿಕೊಳ್ಳುತ್ತದೆ ಎಂದು ಹೇಳಲಾಗದು. ನನ್ನ ಪಕ್ಕ ಕುಳಿತಿದ್ದ ಅರಸೀಕೆರೆಯ ಗ್ರಂಥಪಾಲಕರು ಮೆಲ್ಲಗೆ, "ಇದೇನ್ರೀ, ಗಂಡಿನ ಕಡೆ ಬೀಗರನ್ನ ಇಳಿಸ್ಕೊಂಡಂಗಾಯ್ತಲ್ಲ. ಒಬ್ರಿಗೆ ಫ್ಯಾನ್ ಬೇಕು, ಒಬ್ರಿಗೆ ಫ್ಯಾನ್ ಆಗಲ್ಲ" ಎಂದರು. ನಾನು ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಕೊನೆಯಲ್ಲಿ ಮೇಡಂ ಎರಡು ಮಾತು ಹೇಳಿದರು. ಅವುಗಳ ಕೆಳಗೆ ನಾನು ಕೆಂಪು ಗೆರೆ ಎಳೆದಿದ್ದೇನೆ, ಗೆರೆ ಈಗಲೂ ಇದೆ. ಒಂದು: ಹಳೆಯ ಟೇಪು ಇನ್ನೊಂದೇ ಸಲ ಓಡಬಹುದು, ಆದ್ದರಿಂದ ನೋಡುವುದಕ್ಕೆ ಮೊದಲು ಪ್ರತಿ ಮಾಡುವ ಏರ್ಪಾಡು ಮಾಡಿಕೊಳ್ಳಿ. ಎರಡು: ಯಾವುದೇ ಇರಲಿ, ಎರಡು ಪ್ರತಿ ಇರಲಿ, ಎರಡೂ ಬೇರೆ ಬೇರೆ ಊರಲ್ಲಿರಲಿ.

ಬೇಲೂರಿಗೆ ವಾಪಸು ಬಂದು ನನ್ನ ಗ್ರಂಥಾಲಯದ ಬಾಗಿಲು ತೆರೆದೆ. ಗೋಡೆಯ ಆ ಕಡೆ ಬಿಸಿಯೂಟದ ಅಡುಗೆಮನೆ. ಸೋಮವಾರದಿಂದ ಶನಿವಾರದವರೆಗೆ ನಮ್ಮ ವಿಶ್ವಕೋಶಗಳು ಸಾಂಬಾರಿನ ಹಬೆ ಕುಡಿಯುತ್ತವೆ. ಉಷ್ಣಾಂಶ ನಿಯಂತ್ರಣಕ್ಕೆ ಒಂದು ಕಿಟಕಿ ಇದೆ, ಅದರ ಚಿಲಕ ಕೂರುವುದಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ನನಗಿಂತ ಮುಂಚೆ ಇದ್ದವರು 'ಬಹಳ ಮುಖ್ಯ' ಎಂದು ಬರೆದಿಟ್ಟ ಫ್ಲಾಪಿಗಳ ಒಂದು ಡಬ್ಬಿ ಇದೆ. ಅದನ್ನು ಓದುವ ಯಂತ್ರ ಶಾಲೆಯಲ್ಲಿಲ್ಲ, ಊರಲ್ಲಿಲ್ಲ, ನನಗೆ ತಿಳಿದ ಮಟ್ಟಿಗೆ ಜಿಲ್ಲೆಯಲ್ಲಿಲ್ಲ. ಪ್ರತಿ ವರ್ಷ ಧೂಳು ಒರೆಸುತ್ತೇನೆ. ಬಹಳ ಮುಖ್ಯವಾದದ್ದು ಏನಿರಬಹುದು ಎಂದು ಯೋಚಿಸುತ್ತೇನೆ. ಮತ್ತೆ ಬೀಗ ಹಾಕುತ್ತೇನೆ. ಹರಿದ ಪುಸ್ತಕಗಳಿಗೆ ಹದಿನೈದು ವರ್ಷ ನಾನೇ ನನ್ನ ಕೈಯಾರೆ ಸೆಲ್ಲೊಟೇಪು ಹಚ್ಚಿದ್ದೆ. ಅದು ಪುಸ್ತಕಕ್ಕೆ ಮಾಡುವ ಅತಿ ದೊಡ್ಡ ದ್ರೋಹ ಎಂದು ಮೇಡಂ ಹೇಳಿದಾಗ ನಾನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಆದರೆ ಇಡುವ ವಿದ್ಯೆಯಲ್ಲಿ ನನ್ನ ಮೊದಲ ಗುರು ಆ ಮೇಡಂ ಅಲ್ಲ. ದೊಡ್ಡಪ್ಪ.

ದೊಡ್ಡಪ್ಪನ ಊರು ಅರಸೀಕೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ತೆಂಗಿನ ತೋಟ, ಹೆಂಚಿನ ಮನೆ, ಮನೆಗೆ ಅಟ್ಟ. ಆ ಕಡೆಯವರಿಗೆ ಅಟ್ಟದ ಮಹಿಮೆ ಹೇಳಬೇಕಾಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಬಿದಿರ ದಬ್ಬೆಗಳ ಮೇಲೆ ಹರವಿ, ಹನ್ನೊಂದು ತಿಂಗಳು ಮರೆತುಬಿಡಬೇಕು. ಕೆಳಗಿನ ಒಲೆಯ ಹೊಗೆ, ಹೆಂಚಿನ ಕಾವು, ಸಂದಿನ ಗಾಳಿ ಇವು ಮೂರೂ ಸೇರಿ ಒಳಗಿನ ನೀರನ್ನು ಇಂಗಿಸುತ್ತವೆ. ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಒಡೆಯುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಸದ್ದೇ ಇಲ್ಲದಿದ್ದರೆ ಅಥವಾ ನೀರು ತುಳುಕಿದರೆ ಹಸಿ. ಒಣ ಉಂಡೆ ಲೊಟ ಲೊಟ ಎಂದರೆ ಕೊಬ್ಬರಿ ಸಿದ್ಧ. ದೊಡ್ಡಪ್ಪ ಈ ಪರೀಕ್ಷೆಯಲ್ಲಿ ಸೋತದ್ದನ್ನು ನಾನು ಕಂಡಿಲ್ಲ.

ತೊಂದರೆ ಏನೆಂದರೆ, ತೆಂಗಿನಕಾಯಿಗೆ ಒಪ್ಪುವ ನಿಯಮ ಲೋಕದ ಎಲ್ಲ ವಸ್ತುಗಳಿಗೂ ಒಪ್ಪುತ್ತದೆ ಎಂದು ದೊಡ್ಡಪ್ಪ ನಂಬಿದ್ದರು. ಮನೆಯ ಪತ್ರಗಳು ಅಟ್ಟದ ಮೇಲೆ. ಮಠದಿಂದ ನಮ್ಮ ಅಜ್ಜನ ಕೈಗೆ ಬಂದ ತಾಳೆಗರಿ ಕಟ್ಟು ಅಟ್ಟದ ಮೇಲೆ. ಹಳೆಯ ಪಹಣಿ, ಲಗ್ನಪತ್ರಿಕೆ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಿಂತುಹೋದ ರೇಡಿಯೊ, ಎಲ್ಲವೂ ಕಾಯಿಗಳ ನಡುವೆ ಅಲ್ಲಲ್ಲಿ. ತಿಂಗಳಿಗೊಮ್ಮೆ ಏಣಿ ಹತ್ತಿ ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಕಾಯಿಯನ್ನು ಅಲ್ಲಾಡಿಸುತ್ತಾ ಹೋದ ಕೈ ಪಕ್ಕದ ಪಹಣಿಯ ಹತ್ತಿರ ನಿಲ್ಲುವುದಾದರೂ ಹೇಗೆ? ಒಮ್ಮೆ ನನ್ನ ಅಂಕಪಟ್ಟಿಯನ್ನು ಅಲ್ಲಾಡಿಸಿ, "ಇದ್ರಲ್ಲಿ ಏನೂ ಇಲ್ಲ ಕಣ್ಲಾ" ಎಂದಿದ್ದರು. ಗಣಿತದ ಮಟ್ಟಿಗೆ ಅದು ನಿಜವಾಗಿತ್ತು.

ಈಗ ಕ್ಯಾಸೆಟ್ಟಿಗೆ ಬರುತ್ತೇನೆ.

ದೊಡ್ಡಪ್ಪನ ಮಗಳು, ನನ್ನ ಅಕ್ಕ ಮಂಗಳನ ಮದುವೆ ಬೇಲೂರಿನ ಒಂದು ಛತ್ರದಲ್ಲಿ ನಡೆದು ಇಪ್ಪತ್ತೆರಡು ವರ್ಷವಾಯಿತು. ನಮ್ಮ ಮನೆಯ ಪದ್ಧತಿಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವಾಗ ಆರತಿ ತಟ್ಟೆ ಹಿಡಿದು ಮುಂದೆ ನಡೆಯುವುದು ಸೋದರತ್ತೆಯ ಹಕ್ಕು. ಸೋದರತ್ತೆ ಎಂದರೆ ದೊಡ್ಡಪ್ಪನ ತಂಗಿ ಗೌರಮ್ಮ. ಹಳೇಬೀಡಿನ ಹತ್ತಿರದ ಹುಲಿಕೆರೆಗೆ ಕೊಟ್ಟಿದ್ದು. ಹೆಣ್ಣು ಹೊರಡುವ ಹೊತ್ತಿಗೆ ಅತ್ತೆ ಕಾಣಲಿಲ್ಲ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೂಗಿದರು. ದೊಡ್ಡಮ್ಮ ತಟ್ಟೆಯನ್ನು ತನ್ನ ತಂಗಿಯ ಕೈಗೆ ಕೊಟ್ಟರು. ಅತ್ತೆ ಕೆಳಗಿನ ಊಟದ ಹಾಲಿನಿಂದ ಕೈ ಒರೆಸಿಕೊಂಡು ಮೇಲೆ ಬಂದಾಗ ತಾಳಿ ಕಟ್ಟಿ ಆಗಿತ್ತು.

"ನನ್ನನ್ನ ಕರೀಲಿಲ್ಲ" ಎಂದರು ಅತ್ತೆ.

"ಕರೆಯೋಕೆ ಕಳ್ಸಿದ್ದೆ" ಎಂದರು ದೊಡ್ಡಮ್ಮ.

"ಯಾರನ್ನ?"

ದೊಡ್ಡಮ್ಮನಿಗೆ ನೆನಪಿರಲಿಲ್ಲ. ಮದುವೆಮನೆಯಲ್ಲಿ ಹೆಣ್ಣಿನ ತಾಯಿ ನೂರು ಜನರಿಗೆ ನೂರು ಕೆಲಸ ಹೇಳಿರುತ್ತಾಳೆ. ಒಂದು ತಿಂಗಳ ನಂತರ, ಜಗಲಿಯ ಮೇಲೆ ಈ ವಿಷಯ ಮತ್ತೆ ಎದ್ದು, ನನ್ನನ್ನು ಸಾಕ್ಷಿಗೆ ಕರೆಸಿದರು. ನಾನು ಆಗಷ್ಟೇ ಗ್ರಂಥಾಲಯದ ಕೆಲಸಕ್ಕೆ ಸೇರಿದ್ದೆ, ನನ್ನ ಮಾತಿಗೆ ತೂಕ ಬಂದಿತ್ತು. ಕಣ್ಣು ಮುಚ್ಚಿ ನಾಲ್ಕೈದು ನಿಮಿಷ ಯೋಚಿಸಿದೆ. ಆಮೇಲೆ ಹೇಳಿದೆ: "ದೊಡ್ಡಮ್ಮ ಯಾರನ್ನಾದರೂ ಕಳಿಸಿದ್ದನ್ನು ನಾನು ಕಾಣಲಿಲ್ಲ. ಕಾಣದ್ದನ್ನು ಹೇಳಲಾರೆ."

ಅತ್ತೆ ತೊಡೆ ತಟ್ಟಿದರು. "ಕೇಳಿದ್ರಾ ಅತ್ತಿಗೆ? ಓದಿದ ಹುಡುಗ!"

ದೊಡ್ಡಮ್ಮ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಆವತ್ತಿನಿಂದ ಆ ಮನೆಯಲ್ಲಿ ನನ್ನ ಎಲೆಗೆ ತುಪ್ಪ ಬೀಳುವುದು ನಿಂತಿತು. ಮರೆವಿನಿಂದಲೋ ಬೇಕೆಂದೋ ಎಂದು ನಾನು ಕೇಳಲಿಲ್ಲ. ಅನುಮಾನ ಎಂದು ಬರೆದುಕೊಳ್ಳಿ.

ಅತ್ತೆ ಅಣ್ಣನ ಮನೆಗೆ ಬರುವುದನ್ನು ಬಿಡಲಿಲ್ಲ. ಊಟ ಬಿಟ್ಟರು. ಯುಗಾದಿಗೆ ಬಂದರು, ಗೌರಿಹಬ್ಬಕ್ಕೆ ಬಂದರು, ದೊಡ್ಡಪ್ಪನಿಗೆ ಕಣ್ಣಿನ ಆಪರೇಷನ್ ಆದಾಗ ಹತ್ತು ದಿನ ದಿನಾಲೂ ಬಂದು ಹೋದರು. ಪ್ರತಿ ಸಲವೂ ಕೈಯಲ್ಲಿ ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರು, ಕುಡಿಯುವ ನೀರಿನ ಬಾಟಲಿ. ಹೊಸ್ತಿಲು ದಾಟುತ್ತಿರಲಿಲ್ಲ. ಜಗಲಿಯ ಮೇಲೆ ಕುಳಿತು, ಹುಲಿಕೆರೆಯಿಂದ ತಂದ ತಣ್ಣನೆಯ ರೊಟ್ಟಿಯನ್ನು ಚಟ್ನಿಪುಡಿಯಲ್ಲಿ ಅದ್ದಿ ತಿನ್ನುತ್ತಾ ಲೋಕಾಭಿರಾಮ ಮಾತಾಡುತ್ತಿದ್ದರು. ದೊಡ್ಡಮ್ಮನೂ ಕಡಿಮೆಯವರಲ್ಲ. ಅತ್ತೆ ಬಂದ ದಿನವೆಲ್ಲ ಒಳಗೆ ಅವರ ಹೆಸರಿಗೊಂದು ಎಲೆ ಹಾಕಿ, ಎಲ್ಲ ಬಡಿಸಿ, ಅರ್ಧ ಗಂಟೆ ಕಾಯಿಸಿ, ಆಮೇಲೆ ಅದನ್ನು ಎಮ್ಮೆಗೆ ಇಡುತ್ತಿದ್ದರು. ಆ ಮನೆಯ ಎಮ್ಮೆಗಳು ಹಬ್ಬದ ಅಡುಗೆಯ ರುಚಿ ಬಲ್ಲವು.

ಇದೆಲ್ಲದರ ತೀರ್ಪು ಕ್ಯಾಸೆಟ್ಟಿನಲ್ಲಿತ್ತು. ಸ್ಟುಡಿಯೊದವನು ಮದುವೆಯಾಗಿ ಮೂರು ತಿಂಗಳಿಗೆ ಅದನ್ನು ತಂದುಕೊಟ್ಟಾಗ, ಬಾಡಿಗೆಗೆ ವಿ.ಸಿ.ಆರ್. ತಂದು ಹಾಕೋಣ ಎಂದು ಮಂಗಳಕ್ಕ ಕೇಳಿದಳು. ದೊಡ್ಡಪ್ಪ ಕ್ಯಾಸೆಟ್ಟನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ.

"ಈಗ ಬ್ಯಾಡ. ಜಗಳ ಇನ್ನೂ ಹಸಿ ಐತೆ. ಒಣಗ್ಲಿ" ಎಂದು ಏಣಿ ಹತ್ತಿ ಕಾಯಿಗಳ ನಡುವೆ ಇಟ್ಟುಬಿಟ್ಟರು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ತೆರೆದರೆ ಎಲ್ಲ ಇತ್ಯರ್ಥವಾಗುತ್ತದೆ ಎಂದು ಎಲ್ಲರಿಗೂ ಗೊತ್ತಿರುವ, ಅದಕ್ಕಾಗಿಯೇ ಯಾರೂ ತೆರೆಯದ ಒಂದು ಡಬ್ಬಿ. ಅತ್ತೆ, "ಕ್ಯಾಸೆಟ್ಟಲ್ಲಿ ಎಲ್ಲಾ ಐತೆ" ಎನ್ನುತ್ತಿದ್ದರು. ದೊಡ್ಡಮ್ಮನೂ, "ಕ್ಯಾಸೆಟ್ಟಲ್ಲಿ ಎಲ್ಲಾ ಐತೆ" ಎನ್ನುತ್ತಿದ್ದರು. ಇಬ್ಬರೂ ಅಟ್ಟದ ಕಡೆ ಒಂದೇ ರೀತಿ ಕೈ ತೋರಿಸುತ್ತಿದ್ದರು. ಅಟ್ಟದ ಮೇಲಿದ್ದಷ್ಟು ದಿನ ಆ ಕ್ಯಾಸೆಟ್ಟು ಇಬ್ಬರ ಪರವಾಗಿಯೂ ಸಾಕ್ಷಿ ಹೇಳುತ್ತಿತ್ತು. ತರಬೇತಿ ಮುಗಿಸಿ ಬಂದ ನಾನು ಅಟ್ಟ ಹತ್ತಿ ನೋಡಿದೆ: ಕಾವು, ಹೊಗೆ, ಜಿಡ್ಡು, ನಾರಿನ ಧೂಳು. ಟೇಪಿಗೆ ಆಗಬಾರದ್ದೆಲ್ಲ ಅಲ್ಲಿತ್ತು. "ದೊಡ್ಡಪ್ಪ, ಇದನ್ನು ಇಲ್ಲಿಂದ ಇಳಿಸಬೇಕು" ಎಂದೆ. "ತಾಳೆಗರಿ ಕೆಟ್ಟೈತಾ?" ಎಂದು ಕೇಳಿದರು. ಕೆಟ್ಟಿರಲಿಲ್ಲ. ಹೊಗೆಗೆ ಹುಳು ಬರದೆ ಅದು ಹೊಸದರಂತೆ ಇತ್ತು. "ಮತ್ತೆ?" ಎಂದರು. ನಾನು ಇಳಿದು ಬಂದೆ.

ಈ ವರ್ಷ ಮಂಗಳಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಅತ್ತೆ ಜಗಲಿಯಲ್ಲಿ ರೊಟ್ಟಿ ತಿನ್ನುತ್ತಲೇ ಘೋಷಿಸಿದರು: "ನಾನು ಬರಲ್ಲ. ಒಂದು ಮದ್ವೇಲಿ ಕರೀದೆ ಬಿಟ್ಟೋರು ಇನ್ನೊಂದು ಮದ್ವೇಲಿ ಕರೀತಾರಾ? ಕರೆದಿದ್ರು ಅಂತ ಕ್ಯಾಸೆಟ್ಟಲ್ಲಿ ತೋರ್ಸಿ, ನಾನೇ ಬಂದು ಮುಂದೆ ನಿಂತ್ಕೊತೀನಿ. ಈ ಮನೇಲಿ ಎಲೆ ಹಾಕ್ಕೊಂಡು ಉಣ್ತೀನಿ."

ಮಂಗಳಕ್ಕ ನನಗೆ ಫೋನು ಮಾಡಿ ಅತ್ತಳು. "ಅತ್ತೆ ಇಲ್ದೆ ನನ್ನ ಮದುವೆ ಆಯ್ತು, ಈಗ ನನ್ನ ಮಗಳದ್ದೂ ಹಂಗೇ ಆಗ್ಬೇಕಾ? ಅವ್ರು ಎತ್ತಿ ಆಡಿಸಿದ ಮಗು ಕಣೋ ಅದು. ಏನಾದ್ರೂ ಮಾಡೋ."

ಏನು ಮಾಡಬೇಕೋ ತಿಳಿಯದೆ ಆ ಭಾನುವಾರ ಅರಸೀಕೆರೆ ಬಸ್ಸು ಹತ್ತಿದೆ. ಮನೆ ತಲುಪಿದಾಗ ದೊಡ್ಡಪ್ಪ ಏಣಿಯ ಬುಡದಲ್ಲಿ ನಿಂತಿದ್ದರು, ಕ್ಯಾಸೆಟ್ಟು ಕಿವಿಯ ಹತ್ತಿರ. ಮುಖದಲ್ಲಿ ವಿಜಯ.

"ಬಾರ್ಲಾ ನಾಗ. ಕೇಳು." ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು. ಲೊಟ ಲೊಟ. "ಆಗೋಯ್ತು. ಇನ್ನು ಒಡೀಬೋದು."

ಅದು ಒಳಗೆ ಮುರಿದುಬಿದ್ದ ಪ್ಲಾಸ್ಟಿಕ್ ಚೂರಿನ ಸದ್ದು ಎಂದು ನನಗೆ ಆಗಲೇ ತಿಳಿದಿತ್ತು. ಚೂರು ಹೆಬ್ಬೆರಳಿನ ಉಗುರಿನ ಅರ್ಧದಷ್ಟಿತ್ತು ಎಂಬುದು ಆಮೇಲೆ ತಿಳಿಯಿತು. ಆದರೆ ಇಪ್ಪತ್ತೆರಡು ವರ್ಷದ ಮೇಲೆ ಆ ಮನುಷ್ಯ ಕ್ಯಾಸೆಟ್ಟನ್ನು ಕೈಬಿಡುತ್ತಿರುವಾಗ ನಾನು ಪ್ಲಾಸ್ಟಿಕ್ಕಿನ ಮಾತೆತ್ತಲಿಲ್ಲ. ಟವೆಲಿನಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿ, ಬೇಲೂರಿನವರೆಗೆ ಎರಡು ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬಂದೆ. ಕಂಡಕ್ಟರು ಮಗು ಎಂದುಕೊಂಡು, "ಪಾಪು ವಯಸ್ಸೆಷ್ಟು?" ಎಂದು ಕೇಳಿದ. ಇಪ್ಪತ್ತೆರಡು ಎಂದೆ.

ಬೇಲೂರಿನಲ್ಲಿ ಆ ಮದುವೆಯನ್ನು ಶೂಟಿಂಗ್ ಮಾಡಿದ ರಂಗಸ್ವಾಮಿಯವರ ಸ್ಟುಡಿಯೊ ಇನ್ನೂ ಇದೆ. ಈಗ ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್, ಜೆರಾಕ್ಸು. ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ವಿ.ಸಿ.ಆರ್.; ತಾಲ್ಲೂಕಿನಲ್ಲಿ ಜೀವ ಇರುವುದು ಅದೊಂದೇ ಎಂದು ಅವರ ಅಂಬೋಣ. ಕ್ಯಾಸೆಟ್ಟು ತೆರೆದು ನೋಡಿದರು. ಸುರುಳಿಯ ಅಂಚಿನಲ್ಲಿ ಬೂದಿ ಬಣ್ಣದ ಬೂಷ್ಟು. ಸೀನಿದರು.

"ಕಂಪ್ಯೂಟರಿಗೆ ವೈರ್ ಹಾಕಿ ಕಾಪಿ ಮಾಡ್ಕೊಳ್ಳೋಣ ಸಾರ್. ಅರ್ಧ ಗಂಟೆ ಕೂತಿರಿ, ವೈರ್ ಮನೇಲಿದೆ, ತರ್ತೀನಿ."

ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ನನ್ನ ಟಿಪ್ಪಣಿ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಕೆಂಪು ಗೆರೆ ಇತ್ತು. ಎಲ್ಲ ಗೊತ್ತಿದ್ದೂ ನಾನು ಹೀಗೆ ಹೇಳಿದೆ: "ವೈರ್ ಆಮೇಲೆ ತನ್ನಿ. ಮೊದಲು ಒಂದು ಸಲ ನೋಡಿಬಿಡೋಣ."

ಟೀವಿಯಲ್ಲಿ ಮೊದಲು ಮಳೆ ಬಂತು. ಆಮೇಲೆ ಗಣಪತಿ ಬಂದ. ಆಕಾಶದಿಂದ ಗುಲಾಬಿ ಎಸಳು ಸುರಿದವು, ಮಂಗಳಕ್ಕನ ಮುಖ ಒಂದು ಹೃದಯದೊಳಗೆ ಗಿರಗಿರ ತಿರುಗಿತು. ರಂಗಸ್ವಾಮಿಯವರ ಕಣ್ಣು ಒದ್ದೆಯಾದವು. "ಆಗಿನ ಕಾಲಕ್ಕೆ ಈ ಎಫೆಕ್ಟು ನನ್ನೊಬ್ಬನ ಹತ್ರಾನೇ ಇತ್ತು ಸಾರ್."

ಪರದೆಯ ಕೆಳಮೂಲೆಯಲ್ಲಿ ವೇಳೆ ತೋರಿಸುವ ಅಂಕಿಗಳಿದ್ದವು. ಹತ್ತು ನಲವತ್ತೆರಡು: ಜನರ ನಡುವೆ ದೊಡ್ಡಮ್ಮ, ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಖಾಲಿ ಆರತಿ ತಟ್ಟೆ. ಯಾರನ್ನೋ ಹುಡುಕುತ್ತಿದ್ದಾರೆ. ಒಬ್ಬ ಬಡಕಲು ಯುವಕನ ಮೊಣಕೈ ಹಿಡಿದು ನಿಲ್ಲಿಸುತ್ತಾರೆ. ಕಿವಿಯಲ್ಲಿ ಏನೋ ಹೇಳಿ, ಕೆಳಗಿನ ಮೆಟ್ಟಿಲ ಕಡೆ ಕೈ ತೋರಿಸುತ್ತಾರೆ. ಓಲಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಯುವಕ ಗಂಭೀರವಾಗಿ ಎರಡು ಸಲ ತಲೆಯಾಡಿಸುತ್ತಾನೆ. ಆ ತಲೆಯಾಡಿಸುವ ಶೈಲಿ ನನಗೆ ಗೊತ್ತು. ಇವತ್ತಿಗೂ ಶಾಲೆಗೆ ತಪಾಸಣೆಯವರು ಬಂದಾಗ ನಾನು ಹಾಗೇ ಆಡಿಸುತ್ತೇನೆ.

ಅದು ನಾನು.

ಆಮೇಲೆ ಪರದೆಯ ತುಂಬ ಒಂದು ಕಮಲ ಅರಳಿತು. ಕಮಲ ಮುಚ್ಚಿದಾಗ ಊಟದ ಹಾಲು. ಹತ್ತು ನಲವತ್ತೇಳು. ಸಾಲಾಗಿ ಎಲೆಗಳು, ಉಪ್ಪಿಟ್ಟು, ಕೇಸರಿಬಾತು. ಒಂದು ಸಾಲಿನಲ್ಲಿ ಕಿತ್ತಳೆ ಬಣ್ಣದ ಸೀರೆಯಲ್ಲಿ ಅತ್ತೆ. ಎದುರು ಸಾಲಿನಲ್ಲಿ, ನಾಲ್ಕು ಎಲೆ ಆಚೆ, ನಾನು. ಬಡಿಸುವವನು ಬರುತ್ತಾನೆ. ನಾನು ಕೇಸರಿಬಾತಿನ ಜಾಗ ತೋರಿಸುತ್ತೇನೆ. ಅವನು ಹಾಕುತ್ತಾನೆ. ಇನ್ನೂ ಸ್ವಲ್ಪ ಎಂದು ಕೈ ಮಾಡುತ್ತೇನೆ. ಆಮೇಲೆ ತಲೆಯೆತ್ತಿ ಅತ್ತೆಯ ಕಡೆ ನೋಡುತ್ತೇನೆ. ನಗುತ್ತೇನೆ. ಅವರೂ ನಗುತ್ತಾರೆ. ನಾನು ಮತ್ತೆ ಎಲೆ ನೋಡುತ್ತೇನೆ.

ಆಗ ಚಿತ್ರ ಓರೆಯಾಯಿತು, ನನ್ನ ನಗು ಪರದೆಯ ಆ ತುದಿಯಿಂದ ಈ ತುದಿಗೆ ಎಳೆದುಕೊಂಡಿತು, ಒಳಗಿನಿಂದ ಕಿರ್ರ್ ಎಂದು ಸದ್ದು ಬಂತು. ರಂಗಸ್ವಾಮಿ ಕರೆಂಟಿನ ಪ್ಲಗ್ಗು ಕೀಳುವಷ್ಟರಲ್ಲಿ ಯಂತ್ರ ಟೇಪನ್ನು ನುಂಗಿತ್ತು. ಚಿಮಟದಲ್ಲಿ ಎಳೆದಾಗ ಶಾವಿಗೆಯ ಹಾಗೆ ಬಂತು, ಮುಟ್ಟಿದಲ್ಲೆಲ್ಲ ಕಂದು ಪುಡಿ ಉದುರಿತು. ನಾವು ಕಂಡ ಭಾಗವನ್ನು ಇನ್ನು ಯಾರೂ ಕಾಣುವ ಹಾಗಿರಲಿಲ್ಲ.

"ಆ ಕಮಲ ನೋಡಿದ್ರಾ ಸಾರ್?" ಎಂದರು ರಂಗಸ್ವಾಮಿ, ದುಃಖದಲ್ಲಿ.

"ನೋಡಿದೆ. ಊಟದ ಹಾಲಲ್ಲಿ ಯಾರ್ಯಾರು ಇದ್ದರು ನೋಡಿದಿರಾ?"

"ಊಟದ ಹಾಲಾ? ಅದನ್ನ ಯಾರು ನೋಡ್ತಾರೆ ಸಾರ್. ಅದು ಟೇಪು ತುಂಬ್ಸೋಕೆ ತೆಗೆಯೋದು."

ನಾನು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ಎರಡು ಕಾಫಿ ಕುಡಿದೆ. ನನಗೆ ಆ ದಿನದ ಓಲಗದವನ ಟೋಪಿ ನೆನಪಿತ್ತು, ಛತ್ರದ ಗಡಿಯಾರ ಐದು ನಿಮಿಷ ಮುಂದಿದ್ದದ್ದು ನೆನಪಿತ್ತು. ದೊಡ್ಡಮ್ಮ ನನ್ನ ಮೊಣಕೈ ಹಿಡಿದದ್ದು ನೆನಪಿರಲಿಲ್ಲ, ಈಗ ಕಣ್ಣಾರೆ ಕಂಡ ಮೇಲೂ ನೆನಪಾಗಲಿಲ್ಲ. ನನ್ನ ತಲೆಯೊಳಗಿನ ಅಟ್ಟದಲ್ಲಿ ಆ ಒಂದು ಕಾಯಿ ಯಾವಾಗಲೋ ಉರುಳಿ ಹೋಗಿತ್ತು, ನಾನು ಮಾತ್ರ ಎಣಿಕೆ ಸರಿಯಿದೆ ಎಂದು ಇಪ್ಪತ್ತೆರಡು ವರ್ಷ ಸಹಿ ಮಾಡುತ್ತಾ ಬಂದಿದ್ದೆ.

ಇನ್ನೊಂದು ಯೋಚನೆಯೂ ಬಂತು. ಬಂತು ಎಂದು ಒಪ್ಪಿಕೊಳ್ಳುತ್ತೇನೆ. ಕ್ಯಾಸೆಟ್ಟು ಹಾಳಾಯಿತು, ಏನೂ ಕಾಣಲಿಲ್ಲ ಎಂದರೆ ಮುಗಿಯಿತು. ಕಂಡವನು ನಾನೊಬ್ಬನೇ. ನನ್ನ ಹೆಸರು ಹಾಗೇ ಉಳಿಯುತ್ತದೆ, ಬಹಳ ಕಾಲ, ಯಾವ ಹೊಗೆಯೂ ತಾಗದೆ. ಎರಡನೆಯ ಕಾಫಿ ಮುಗಿಯುವವರೆಗೆ ಆ ಯೋಚನೆ ಬಹಳ ರುಚಿಯಾಗಿತ್ತು. ಆಮೇಲೆ ಮಂಗಳಕ್ಕ ಅತ್ತದ್ದು ನೆನಪಾಯಿತು. ಹಳೇಬೀಡಿನ ಬಸ್ಸು ಬಂತು. ಹತ್ತಿದೆ.

ಹುಲಿಕೆರೆಯಲ್ಲಿ ಅತ್ತೆಯ ಮನೆಯಿಂದ ನಾಲ್ಕು ಹೆಜ್ಜೆಗೆ ಹಳೆಯ ಕಾಲದ ಕಲ್ಯಾಣಿ. ಸುತ್ತಲೂ ಮೆಟ್ಟಿಲು, ಮೆಟ್ಟಿಲ ನಡುವೆ ಪುಟ್ಟ ಗುಡಿಗಳು. ನೂರಾರು ವರ್ಷದಿಂದ ಬಿಸಿಲು ಮಳೆಯಲ್ಲಿ ನಿಂತಿದೆ, ನುಸಿಗುಳಿಗೆ ಇಲ್ಲ, ಕೈಗವಸು ಇಲ್ಲ, ಎರಡನೆಯ ಪ್ರತಿ ಇಲ್ಲ. ಅತ್ತೆ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದರು. ಮೊರದ ಆ ಕಡೆ ಕುಳಿತು ಎಲ್ಲವನ್ನೂ ಹೇಳಿದೆ. ಹತ್ತು ನಲವತ್ತೆರಡು, ಹತ್ತು ನಲವತ್ತೇಳು, ಹಸಿರು ಸೀರೆ, ಮೆಟ್ಟಿಲು, ನಾಲ್ಕು ಎಲೆ.

ಅತ್ತೆ ಬಹಳ ಹೊತ್ತು ಕಾಳು ಆರಿಸಿದರು.

"ಎಷ್ಟು ಸಲ ಹಾಕಿಸ್ಕೊಂಡೆ ಕೇಸರಿಬಾತು?"

"ಎರಡು ಸಲ."

"ಚೆನ್ನಾಗಿತ್ತು ಬಿಡು ಆವತ್ತು" ಎಂದರು. "ನಂಗೆ ನೆಪ್ಪೈತೆ ಕಣೋ. ನೀನು ನನ್ನ ನೋಡಿ ನಕ್ಕೆ. ನಮ್ಮ ಹುಡುಗ ಎಷ್ಟು ಮುದ್ದಾಗಿ ನಗ್ತಾನೆ ಅಂದ್ಕೊಂಡೆ." ಆಮೇಲೆ ಮೊರವನ್ನು ದಡ್ ಎಂದು ಕೆಳಗಿಟ್ಟರು. "ನಿನ್ನ ಮಾತು ನಂಬ್ಕೊಂಡು ಇಪ್ಪತ್ತೆರಡು ವರ್ಷ ತಣ್ಣನೆ ರೊಟ್ಟಿ ತಿಂದ್ನಲ್ಲೋ ಪಾಪಿ! ಆ ಅತ್ತಿಗೆ ಕೈ ಹುಳಿ ಎಂಥಾದ್ದು ಗೊತ್ತಾ ನಿಂಗೆ?"

ಗೊತ್ತಿತ್ತು.

"ಭಾನುವಾರ ಬತ್ತೀನಿ. ನನ್ನ ಮುಂದೆ ಹೇಳ್ದಂಗೇ ಅತ್ತಿಗೆ ಮುಂದೂ ಹೇಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಭಾನುವಾರ ಅತ್ತೆ ಬಂದರು. ಮುನ್ನೆಚ್ಚರಿಕೆಗೆ ಕೈಯಲ್ಲಿ ಟಿಫಿನ್ ಕ್ಯಾರಿಯರು ಇತ್ತು. ನಾನು ಜಗಲಿಯಲ್ಲಿ ನಿಂತು ಎರಡನೆಯ ಸಲ ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಬಾಗಿಲಿಗೆ ಒರಗಿ ಕೇಳಿದರು. ಮುಗಿದ ಮೇಲೆ ಒಳಗೆ ಹೋದರು. ಪಾತ್ರೆಗಳ ಸದ್ದು ಕೇಳಿಸಿತು. ನಾನು, ದೊಡ್ಡಪ್ಪ, ಅತ್ತೆ ಮೂವರೂ ಆ ಸದ್ದಿನಿಂದ ಏನಾದರೂ ತಿಳಿಯುತ್ತದೋ ಎಂದು ಕಿವಿಗೊಟ್ಟು ಕುಳಿತೆವು. ಎಲೆ ಒರೆಸುವ ಬಟ್ಟೆ ಹಿಡಿದು ದೊಡ್ಡಮ್ಮ ಹೊರಗೆ ಬಂದಾಗ ಅವರ ಮೂಗು ಕೆಂಪಾಗಿತ್ತು.

"ಯಾರೋ ತಲೆ ಅಲ್ಲಾಡ್ಸಿದ್ರು ಅನ್ನೋದು ಮಾತ್ರ ನೆಪ್ಪಿತ್ತು ಕಣ್ರೀ" ಎಂದರು, ಯಾರಿಗೂ ಅಲ್ಲದಂತೆ. "ನಾನೇ ಸುಳ್ಳು ಹೇಳ್ತಿದೀನೇನೋ ಅಂತ ಎಷ್ಟು ಸಲ ಅನ್ಸೈತೆ ನಂಗೆ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಬಾಯಿ ಮಾತು ಇನ್ನು ಈ ಮನೇಲಿ ನಡೆಯಲ್ಲ. ಈಗ ಹೇಳಿದ್ದನ್ನ ಬರೆದುಕೊಡು. ಕೆಳಗೆ ಸಹಿ ಹಾಕು."

ಅತ್ತೆ ಹೊಸ್ತಿಲ ಹತ್ತಿರ ಬಂದು ನಿಂತರು. ದಾಟಲಿಲ್ಲ.

"ಗೌರಮ್ಮ, ಬಾ, ಎಲೆ ಹಾಕೈತೆ" ಎಂದರು ದೊಡ್ಡಮ್ಮ. "ಈ ಸಲ ನಾನೇ ಕರೀತಿದೀನಿ ನೋಡು. ಯಾರ ಕೈಲೂ ಹೇಳಿ ಕಳಿಸ್ತಿಲ್ಲ."

ಅತ್ತೆ ಟಿಫಿನ್ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟರು. "ತಗೋ, ಇದು ನಿಂಗೆ" ಎಂದು ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಆವತ್ತು ಒಳಗೆ ಹುಳಿ, ಪಲ್ಯ, ಕೇಸರಿಬಾತು ಎಲ್ಲ ಇತ್ತು. ವಾಸನೆಯ ಆಧಾರದಿಂದ ಹೇಳುತ್ತಿದ್ದೇನೆ, ಕಂಡಿಲ್ಲ. ನಾನು ಜಗಲಿಯಲ್ಲಿ ಕುಳಿತು ಹುಲಿಕೆರೆಯ ತಣ್ಣನೆಯ ರೊಟ್ಟಿಯನ್ನು ಚಟ್ನಿಪುಡಿಯಲ್ಲಿ ಅದ್ದಿ ತಿನ್ನುತ್ತಾ, ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ಬರೆದೆ. ಒಳಗಿನಿಂದ ನಗು ಕೇಳಿಸುತ್ತಿತ್ತು. ನನ್ನ ಹೆಸರು ನಾಲ್ಕು ಸಲ ಬಂತು. ಎಮ್ಮೆ ಕೊಟ್ಟಿಗೆಯಿಂದ ಕತ್ತು ಚಾಚಿ, ಇವತ್ತೇನು ಹೀಗೆ ಎನ್ನುವಂತೆ ನನ್ನನ್ನೇ ನೋಡುತ್ತಿತ್ತು.

ಬೇಲೂರಿಗೆ ಬಂದ ಮೇಲೆ ಮೇಡಂ ಹೇಳಿದ ಎರಡನೆಯ ಮಾತು ನೆನಪಾಯಿತು. ಅದಕ್ಕಾಗಿಯೇ ನೀವು ಈಗ ಓದುತ್ತಿರುವುದು. ಇದು ಇನ್ನೊಂದು ಊರಿನಲ್ಲಿರುವ ಇನ್ನೊಂದು ಪ್ರತಿ. ಮೊದಲನೆಯದು ದೊಡ್ಡಪ್ಪನ ಹತ್ತಿರ ಇದೆ. ಸಹಿ ಹಾಕಿ ಕೈಗೆ ಕೊಟ್ಟಾಗ ಅವರು ಅದನ್ನು ಓದಲಿಲ್ಲ. ನಾಲ್ಕು ಮಡಿಕೆ ಮಾಡಿದರು, ಕಿವಿಯ ಹತ್ತಿರ ಹಿಡಿದರು, ಅಲ್ಲಾಡಿಸಿದರು.

"ಹಸಿ ಐತೆ" ಎಂದು ಏಣಿ ಹತ್ತಿದರು.